ಡಬಲಪ್ಪನವರ ಎರಡು ಪಟ್ಟು

ನಿಜ ಹೇಳುವವನಿಗೆ ಸ್ವಂತ ಮನೆಯಲ್ಲೇ ಬೆಲೆಯಿಲ್ಲ ಎಂಬುದು ಡಬಲಪ್ಪನವರ ಬಹುಕಾಲದ ದೂರು. (ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಇಸ್ಪೀಟು ಕ್ಲಬ್ಬಿನವರು ಅದನ್ನು ಅಳಿಸಿ ಇದನ್ನು ಕೆತ್ತಿದ್ದರು.)

ಅವರು ಮೂವತ್ತೈದು ವರ್ಷ ಲಿಫ್ಟ್ ಇನ್ಸ್‌ಪೆಕ್ಟರಾಗಿದ್ದವರು. ‘ಎಂಟು ಜನ’ ಎಂದು ಬರೆದ ಲಿಫ್ಟ್ ಕಂಡರೆ “ಎಲ್ಲಿ, ಹೊರಲಿ ನೋಡೋಣ” ಎನ್ನುವುದೇ ಉದ್ಯೋಗ. ನಿವೃತ್ತಿಯಾದ ಮೇಲೆ ಆ ಸಂಶಯವೆಲ್ಲ ಸಾಮಾನುಸರಂಜಾಮು ಸಮೇತ ಬ್ರಿಜ್ ಆಟಕ್ಕೆ ವರ್ಗವಾಯಿತು. ಬ್ರಿಜ್‌ನಲ್ಲಿ ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಒಂದು ಸುತ್ತಿನ ಎಲೆ ಗೆದ್ದರೆ ಒಂದು ಪಟ್ಟು; ಇಷ್ಟು ಪಟ್ಟು ಹಿಡಿಯುತ್ತೇವೆ ಎಂದು ಮೊದಲೇ ಕೂಗಬೇಕು. ಎದುರಾಳಿಯ ಕೂಗು ಬರೀ ಬಡಾಯಿ ಅನ್ನಿಸಿದರೆ “ಡಬಲ್” ಎನ್ನಬಹುದು. ಅವರು ಸೋತರೆ ದಂಡ ಎರಡು ಪಟ್ಟು, ಗೆದ್ದರೆ ಅವರ ಲಾಭವೂ ಎರಡು ಪಟ್ಟು. ಡಬಲಪ್ಪನವರು ಪಟ್ಟು ಹಿಡಿದದ್ದಕ್ಕಿಂತ ಹಟದ ಪಟ್ಟು ಹಿಡಿದದ್ದೇ ಜಾಸ್ತಿಯಾದ್ದರಿಂದ, ಲಾಭ ಯಾವಾಗಲೂ ಎದುರಿನವರ ಮನೆಗೇ ನಡೆದುಹೋಗುತ್ತಿತ್ತು.

ಹೋದ ವಾರವೂ ಹಾಗೇ ಆಯಿತು. ತುರುಫಿನ ರಾಣಿ, ಗುಲಾಮ ಕೈಯಲ್ಲಿವೆ ಎಂಬ ಧೈರ್ಯಕ್ಕೆ ಮೇಜು ನಡುಗುವಂತೆ ಡಬಲ್ ಎಂದರು. ಎದುರಾಳಿಯಾಗಿದ್ದ ಹಲ್ಲಿನ ಡಾಕ್ಟರು ಒಂದು ಕ್ಷಣ ಅವರನ್ನೇ ನೋಡಿ, ರಾಣಿಯನ್ನೂ ಗುಲಾಮನನ್ನೂ ಹುಡುಕಿ ಹುಡುಕಿ ಹಿಡಿದು ಆಟ ಗೆದ್ದುಬಿಟ್ಟರು.

“ಇಲ್ಲೇ ನೋವು ಅಂತ ರೋಗಿನೇ ಬೆರಳಿಟ್ಟು ತೋರಿಸಿದ್ರೆ, ಕೀಳೋದು ಏನು ಕಷ್ಟ?” ಎಂದರು ಡಾಕ್ಟರು, ತಣ್ಣಗೆ.

ಡಬಲಪ್ಪನವರ ಜೋಡಿ ಅವರ ಹೆಂಡತಿಯೇ, ಬೀದಿಗೆಲ್ಲ ಟೈಲರಮ್ಮ. ನಿಂತವರ ಅಳತೆಯನ್ನು ಕಣ್ಣಲ್ಲೇ ತೆಗೆಯುವಾಕೆ. ಕ್ಲಬ್ಬಿನ ವಾರ್ಷಿಕ ಪಂದ್ಯದ ಕೊನೆಯ ಸುತ್ತಿಗೆ ಹೊರಟಾಗ ಮೆಟ್ಟಿಲಲ್ಲೇ ನಿಂತು ಹೇಳಿದರು:

“ರೀ, ಇವತ್ತು ನಿಮ್ಮ ಬಾಯಲ್ಲಿ ಡಬಲ್ ಬಂದು ನಾವು ಸೋತ್ರೆ, ಮುಂದಿನ ವಾರದಿಂದ ನಾನು ಡಾಕ್ಟರ ತಂಗಿ ಜೊತೆ ಆಡ್ತೀನಿ. ಕೇಳಿಯೂ ಆಗಿದೆ.”

“ಹಾಗಾದ್ರೆ ಆಕೆಯ ಜೋಡಿ ಡಾಕ್ಟರು?”

“ಅವರು ನಿಮ್ಮ ಜೊತೆ ಆಡ್ಲಿ. ಅವರನ್ನ ಕೇಳಿಲ್ಲ, ಪಾಪ.”

“ಸುಳ್ಳು ಕೇಳಿಸ್ಕೊಂಡು ಸುಮ್ನಿರೋದು ನನ್ನ ಹಣೇಲಿ ಬರೆದಿಲ್ಲ ಕಣೇ.”

“ಹಣೇಲಿ ಬರೆಯೋಕೆ ಜಾಗ ಎಷ್ಟು ಬೇಕಾದ್ರೂ ಇದೆ. ಬರೆಸ್ಕೊಳ್ಳಿ.”

ಅಂದು ಮಧ್ಯಾಹ್ನವೆಲ್ಲ ಡಬಲಪ್ಪನವರು ತುಟಿ ಹೊಲಿದುಕೊಂಡವರಂತೆ ಆಡಿದರು. ಕೊನೆಯ ಆಟ ಬಂತು. ಡಾಕ್ಟರು ಮತ್ತು ಅವರ ತಂಗಿ ಐನೂರು ಅಂಕ ಮುಂದಿದ್ದರು. ಡಾಕ್ಟರು ಎಲೆ ಜೋಡಿಸಿಕೊಂಡು, “ನಾಲ್ಕು ಇಸ್ಪೀಟು” ಎಂದರು. ಅಂದರೆ, ಕೂಗಿದ್ದಕ್ಕೆ ಆರು ಕೂಡಿಸುವ ಬ್ರಿಜ್ ಲೆಕ್ಕದಲ್ಲಿ, ಇಸ್ಪೀಟನ್ನು ತುರುಫು ಮಾಡಿ ಹತ್ತು ಪಟ್ಟು ಹಿಡಿಯುವ ಪ್ರತಿಜ್ಞೆ.

ಡಬಲಪ್ಪನವರು ತಮ್ಮ ಎಲೆ ನೋಡಿಕೊಂಡರು. ಇಸ್ಪೀಟಿನ ರಾಣಿ, ಗುಲಾಮ, ಹತ್ತು, ಒಂಬತ್ತು, ಜೊತೆಗೆ ಎರಡು ಎಕ್ಕ. ಇಂಥ ಕೈ ಸಿಕ್ಕಿಯೂ ಬಾಯಿ ಮುಚ್ಚಿಕೊಂಡವನು ಲಿಫ್ಟಿನಲ್ಲಿ ಸಿಕ್ಕಿಕೊಂಡೂ ಗಂಟೆ ಒತ್ತದವನಂತೆ. ಜೋಡಿ ಹೋದರೆ ಹೋಗಲಿ, ಸತ್ಯ ಉಳಿಯಲಿ.

“ಡಬಲ್,” ಎಂದರು. ಗಾಜಿನ ಲೋಟಗಳು ಸಾಕ್ಷಿ ನುಡಿದವು.

ಡಾಕ್ಟರ ಮುಖ ಬಿಳಿಚಿತು. ಅವರ ತಂಗಿ “ಪಾಸ್” ಎಂದರು. ಇನ್ನು ಟೈಲರಮ್ಮನೂ ಪಾಸ್ ಎಂದರೆ ಸಾಕು, ಇತಿಹಾಸ.

ಟೈಲರಮ್ಮ ಗಂಡನನ್ನೊಮ್ಮೆ, ಡಾಕ್ಟರನ್ನೊಮ್ಮೆ ಅಳೆದು ನೋಡಿ, “ಐದು ಕಳಾವರ್” ಎಂದರು.

ಮೇಲಿನ ಕೂಗು ಬಂದದ್ದೇ ಡಬಲ್ ಅಲ್ಲೇ ರದ್ದು. ಆಟ ಆಕೆಯದಾಯಿತು. ಡಬಲಪ್ಪನವರು ಡಮ್ಮಿ. ಡಮ್ಮಿಯಾದವನು ತನ್ನ ಹದಿಮೂರು ಎಲೆಯನ್ನೂ ಮೇಜಿನ ಮೇಲೆ ಬಿಚ್ಚಿಟ್ಟು ಉಸಿರೆತ್ತದೆ ಕೂರಬೇಕು. ಇಸ್ಪೀಟಿನ ರಾಣಿ, ಗುಲಾಮ ಎಲ್ಲ ಸಂತೆಗೆ ಬಂದು ದಾರಿ ತಪ್ಪಿದವರಂತೆ ಒಬ್ಬೊಬ್ಬರಾಗಿ ಕಾಣೆಯಾದರು. ಟೈಲರಮ್ಮ ಎಕ್ಕ ಎರಡನ್ನೂ ಗಂಡನ ಜೇಬಿಂದ ತೆಗೆದಂತೆ ತೆಗೆದು, ಹನ್ನೊಂದು ಪಟ್ಟು ಹಿಡಿದು, ಆರುನೂರು ಅಂಕ ಬರೆಸಿ ಪಂದ್ಯ ಗೆದ್ದರು. ಕ್ಲಬ್ಬಿಗೆ ಕ್ಲಬ್ಬೇ ಚಪ್ಪಾಳೆ ತಟ್ಟಿತು.

“ನನ್ನ ಡಬಲ್ ಬಿಟ್ಟಿದ್ರೆ ಎಂಟುನೂರು ಬರ್ತಿತ್ತು,” ಎಂದು ಡಬಲಪ್ಪನವರು ಎದ್ದು ನಿಂತರು. ಯಾರೂ ತಿರುಗಿ ನೋಡಲಿಲ್ಲ.

“ನಿಜ,” ಎಂದರು ಡಾಕ್ಟರು, ಮೆಲ್ಲಗೆ. “ನನಗೆ ಮೂರು ಪಟ್ಟು ಕಮ್ಮಿ ಬೀಳ್ತಿತ್ತು.”

ಜನ್ಮದಲ್ಲಿ ಮೊದಲ ಸಲ ಸಾಕ್ಷಿ ಸಿಕ್ಕಿತ್ತು. ಮನೆ ದಾರಿಯುದ್ದಕ್ಕೂ ಡಬಲಪ್ಪನವರು ಅದನ್ನು ಮೆರವಣಿಗೆ ಮಾಡಿದರು.

“ಕೇಳಿದ್ಯಾ? ಡಾಕ್ಟರೇ ಒಪ್ಕೊಂಡ್ರು. ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ, ಅಷ್ಟೇ.”

“ಡಬಲ್ ಸರಿ ಅಂತ ನನಗೂ ಗೊತ್ತಿತ್ತು ರೀ. ಡಾಕ್ಟರ ಮುಖ ನೋಡಿದ್ರೆ ಸಾಕಾಗಿತ್ತು.”

ಡಬಲಪ್ಪನವರು ನಡುಬೀದಿಯಲ್ಲೇ ನಿಂತುಬಿಟ್ಟರು. “ಮತ್ತೆ ಯಾಕೆ ಕೆಡಿಸ್ದೆ?”

“ಐದು ಕಳಾವರ್ ಹೇಗೂ ಗೆಲ್ತಿತ್ತು. ಡಬಲ್ ಒಂದೇ ಒಂದು ಸಲ ಗೆದ್ದಿದ್ರೆ, ಆಮೇಲೆ ಸಾಯೋವರೆಗೂ ನಿಮ್ಮನ್ನ ಹಿಡಿಯೋರು ಯಾರು?”

ಡಬಲಪ್ಪನವರು ಸೆಟೆದು ನಿಂತರು. “ಮುಂದಿನ ವಾರವೂ ಡಬಲ್ ಅಂತೀನಿ. ಯಾರ ಜೊತೆ ಬೇಕಾದ್ರೂ ಆಡ್ಕೋ ಹೋಗು.”

“ನಿಮ್ಮ ಜೊತೆನೇ ಆಡ್ತೀನಿ,” ಎಂದು ಟೈಲರಮ್ಮ ಪಂದ್ಯದಲ್ಲಿ ಗೆದ್ದ ಕಪ್ಪನ್ನು ಅವರ ಕೈಗಿತ್ತು ಮುಂದೆ ನಡೆದರು. “ಅಷ್ಟು ಒಳ್ಳೇ ಡಮ್ಮಿ ಇನ್ನೆಲ್ಲಿ ಸಿಗುತ್ತೆ?”