ಬಾಗಿಲೊಳಗಿನ ಮಣೆ

ಇನ್ನಂಜೆಯ ವಿಠಲನಿಗೆ ಜೀವನದಲ್ಲಿ ದೊಡ್ಡ ಆಸೆಗಳೇನೂ ಇರಲಿಲ್ಲ. ಇದ್ದದ್ದು ಒಂದೇ. ತನ್ನ ಸ್ವಂತ ಕಾರಿನಲ್ಲಿ ಗಾಜು ಏರಿಸಿ, ಕಣ್ಣು ಮುಚ್ಚಿ, ಯಕ್ಷಗಾನದ ಪದ ಕೇಳಬೇಕು. (ಕಾರು ನಿಲ್ಲಿಸಿದ ಮೇಲೆಯೇ ಕಣ್ಣು ಮುಚ್ಚುವುದು, ಅಷ್ಟು ಬುದ್ಧಿ ಅವನಿಗಿತ್ತು.) ಆದಿ ಉಡುಪಿಯ ಮಾರುಕಟ್ಟೆಯಲ್ಲಿ ದಿನವಿಡೀ ಕೂಗಾಟದ ನಡುವೆ ಗುಳ್ಳ, ಅಲಸಂಡೆ, ಸೌತೆಕಾಯಿ ಮಾರಿ ಬರುವ ಮನುಷ್ಯನಿಗೆ ಇಷ್ಟೂ ಬೇಡವೇ? ಆದರೆ ಕಾರಿನ ಜೊತೆಗೇ ಬಂದ ಸ್ಪೀಕರಿನಲ್ಲಿ ಎಂಥ ಭಾಗವತರು ಹಾಡಿದರೂ ನೆಗಡಿಯಾದವರಂತೆ ಕೇಳುತ್ತಿತ್ತು. ಚೆಂಡೆಯಂತೂ ತಗಡಿನ ಮೇಲೆ ಅಡಿಕೆ ಉದುರಿದ ಹಾಗೆ.

"ಸ್ಪೀಕರ್ ಬದಲಿಸ್ಬೇಕು ಬೇಬಿ," ಎಂದ ಒಂದು ಬೆಳಿಗ್ಗೆ. (ಬೇಬಿ ಎಂಬುದು ಹೆಂಡತಿಯ ಹೆಸರು. ರೇಷನ್ ಕಾರ್ಡಿನಲ್ಲೂ ಹಾಗೆಯೇ ಉಂಟು. ಹೆಂಡತಿಯನ್ನು ಮುದ್ದುಮಾಡಿ ಕರೆಯುವಷ್ಟು ಧೈರ್ಯ ವಿಠಲನಿಗೆ ಯಾವ ಕಾಲಕ್ಕೂ ಬಂದದ್ದಿಲ್ಲ.)

"ಮೊದಲು ಬಚ್ಚಲಿನ ಬಲ್ಬು ಬದಲಿಸಿ ಮಾರಾಯ್ರೆ! ದೀಪಾವಳಿಯಿಂದ ಹೇಳ್ತಾ ಇದ್ದೇನೆ. ಬರುವ ಆದಿತ್ಯವಾರ ಮಗಳು ಮೋಕ್ಷಾನ ಬಯಕೆ ಸೀಮಂತ. ಕಾರ್ಕಳಕ್ಕೆ ಹೂವು, ಹಣ್ಣು, ತಿಂಡಿ, ಮಣೆ ಎಲ್ಲ ತೆಗೆದುಕೊಂಡು ಹೋಗ್ಲಿಕ್ಕುಂಟು. ಇವರಿಗೆ ಸ್ಪೀಕರ್ ಅಂತೆ!"

"ಮಣೆ ಎಂತಕ್ಕೆ? ಅಳಿಯನ ಮನೆಯಲ್ಲಿ ಕುರ್ಚಿ ಇಲ್ವಾ?"

ಕೇಳಬಾರದ ಪ್ರಶ್ನೆ ಕೇಳಿದ್ದ. ಬೇಬಿ ಸೌಟು ಕೆಳಗಿಟ್ಟಳು. ಅದು ಅವಳ ಅಜ್ಜಿಯ ಅಜ್ಜಿಯ ಕಾಲದ ಮಣೆ. ಆ ಕುಟುಂಬದ ಬಸುರಿಯನ್ನು ಅದರ ಮೇಲೆ ಕೂರಿಸಿಯೇ ಬಯಕೆಯ ಶಾಸ್ತ್ರ. ಕೂತವಳದ್ದೇ ಆ ಮಣೆ. ಮುಂದೆ ಅವಳ ಮಗಳು ಬಸುರಿಯಾಗುವ ತನಕ ಅದು ಅವಳ ಮನೆಯಿಂದ ಕದಲುವಂತಿಲ್ಲ. ಗಂಡಸರಿಗೆ ಅದರಲ್ಲಿ ಒಂದು ಮೊಳೆಯ ಹಕ್ಕೂ ಇಲ್ಲ. ಇದನ್ನೆಲ್ಲ ಬೇಬಿ ವಿಸ್ತಾರವಾಗಿ ಹೇಳಿದಳು, ವಿಠಲ "ಹ್ಞೂಂ, ಹ್ಞೂಂ" ಎಂದ. ಮುಖ ಇನ್ನಂಜೆಯಲ್ಲಿತ್ತು, ಕಿವಿ ಆಗಲೇ ಮಣಿಪಾಲದ ಸ್ಪೀಕರ್ ಅಂಗಡಿಗೆ ಹೋಗಿ ಕೂತಿತ್ತು.

ಅದೇ ದಿನ ಮಧ್ಯಾಹ್ನ ಉಳಿದ ಶರೀರವೂ ಮಣಿಪಾಲಕ್ಕೆ ಹೋಯಿತು. ಅಂಗಡಿಯವನು ಮುಂದಿನ ಎರಡು ಬಾಗಿಲುಗಳಿಗೆ ಹೊಂದುವ ಜೋಡಿ ಸ್ಪೀಕರ್ ತೋರಿಸಿ ಹೇಳಿದ: "ಇದರ ಹಿಂದೆ ಮ್ಯಾಗ್ನೆಟ್ ದಪ್ಪ ಉಂಟು ಸರ್. ಸೀದಾ ಕೂರಿಸಿದ್ರೆ ಗಾಜು ಇಳಿಸುವಾಗ ತಾಗ್ತದೆ. ನಡುವೆ ಒಂದು ಬಳೆ ಕೊಟ್ಟು ಸ್ಪೀಕರನ್ನು ಈಚೆ ತರ್ಬೇಕು." ಹೀಗೆಂದು ಪ್ಲಾಸ್ಟಿಕಿನ ಕರಿ ಬಳೆಯೊಂದನ್ನು ಮೇಜಿನ ಮೇಲಿಟ್ಟ.

"ಪ್ಲಾಸ್ಟಿಕ್?" ವಿಠಲನಿಗೆ ಯಾರೋ ದೇವರ ನೈವೇದ್ಯಕ್ಕೆ ಪ್ಯಾಕೆಟ್ ಚಿಪ್ಸ್ ಇಟ್ಟಷ್ಟು ಬೇಸರವಾಯಿತು. "ಚೆಂಡೆ ಯಾವ ಮರದ್ದು ಗೊತ್ತುಂಟಾ ನಿಮಗೆ? ಹಲಸಿನದ್ದು. ಮದ್ದಳೆ? ಅದೂ ಹಲಸಿನದ್ದು. ಹಲಸು ಬಿಟ್ಟು ಬೇರೆ ಎಂತದರಲ್ಲಿ ಕೂತರೂ ನಾದ ಬರುವುದಿಲ್ಲ ಮಾರಾಯ. ಸ್ಪೀಕರ್ ಮಾತ್ರ ಕೊಡಿ. ಬಳೆ ನಾನೇ ಮಾಡ್ತೇನೆ."

ಅಂಗಡಿಯವನು ಬಹಳ ಜನರನ್ನು ಕಂಡವನು. ಸ್ಪೀಕರ್ ಮಾತ್ರ ಕಟ್ಟಿಕೊಟ್ಟ.

ಮರುದಿನ ಬೇಬಿ ರವಿಕೆ ತರಲು ಶಿರ್ವಕ್ಕೆ ಹೋದದ್ದೇ ತಡ, ವಿಠಲ ಹಲಸಿನ ಹಲಗೆ ಹುಡುಕುತ್ತಾ ಅಟ್ಟ ಹತ್ತಿದ. ಮೂಲೆಯಲ್ಲಿ, ಹಳೆಯ ಸೀರೆಯೊಂದರಲ್ಲಿ ಸುತ್ತಿದ, ಹೊಗೆಹಿಡಿದು ಕಪ್ಪಾದ ಅಗಲದ ಹಲಗೆ ಸಿಕ್ಕಿತು. ಬೆರಳಿನಿಂದ ತಟ್ಟಿದ. ಒಳಗಿನಿಂದ ಗಂಭೀರವಾದ ಒಂದು ದನಿ ಎದ್ದು ಬಂತು. ವಿಠಲ ಅಟ್ಟದಲ್ಲೇ ಕೂತು ಇನ್ನೊಮ್ಮೆ ತಟ್ಟಿದ, ಮತ್ತೊಮ್ಮೆ ತಟ್ಟಿದ, ಹೆಂಚಿನ ಸಂದಿನಿಂದ ಬಂದ ಬಿಸಿಲುಕೋಲಿನಲ್ಲಿ ಧೂಳು ತಾಳಕ್ಕೆ ಸರಿಯಾಗಿ ಕುಣಿಯುತ್ತಿರುವಂತೆ ಅವನಿಗೆ ಕಂಡಿತು.

ಅದು ಯಾವ ಹಲಗೆ ಎಂದು ನಿಮಗೆ ಗೊತ್ತಾಗಿದೆ. ಅವನಿಗೆ ಗೊತ್ತಾಗಲಿಲ್ಲ. ಬೇಬಿಯ ಬಯಕೆಯ ದಿನ ಅವನು ನೋಡಿದ್ದು ಮಣೆಯ ಮೇಲೆ ಕೂತವಳನ್ನು, ಮಣೆಯನ್ನಲ್ಲ. (ಗಂಡನ ಪರವಾಗಿ ಹೇಳಬಹುದಾದ ಒಂದೇ ಒಂದು ಒಳ್ಳೆಯ ಮಾತು ಇದು. ಮುಂದೆ ಇದೂ ಉಪಯೋಗಕ್ಕೆ ಬರಲಿಲ್ಲ.)

ಪಕ್ಕದ ಮನೆಯ ಕಜೆಟನ್ ಕರೆಂಟಿನ ಗರಗಸ ಕೊಟ್ಟ. ಕೊಡುವಾಗ ಹಲಗೆಯನ್ನು ತಿರುಗಿಸಿ ನೋಡಿ, "ವಿಠಲಣ್ಣ, ಇದಕ್ಕೆ ಅಡಿಯಲ್ಲಿ ಕಾಲು ಉಂಟಲ್ಲ?" ಎಂದ.

"ಕಾಲು ತೆಗೆದ್ರೆ ಹಲಗೆಯೇ ಅಲ್ವಾ?"

ಕಜೆಟನ್ ಪ್ಲಗ್ಗು ಚುಚ್ಚಿಕೊಟ್ಟ. ಗರಗಸ ಕಿರ್ರೆಂದಿತು. ಎರಡು ಉರುಟು ಬಳೆಗಳು ಬಂದವು. ಮೊಬೈಲಿನಲ್ಲಿ ನೋಡಿಕೊಂಡು ಬಾಗಿಲಿನ ಒಳಪ್ಯಾಡ್ ಕಿತ್ತ. ಬಳೆ ಕೂರಿಸಿದ, ಸ್ಪೀಕರ್ ಕೂರಿಸಿದ, ಪ್ಯಾಡನ್ನು ಗುದ್ದಿ ಗುದ್ದಿ ಮರಳಿ ಹಾಕಿದ. ಕೈಯಲ್ಲಿ ಒಂದು ಹಿಡಿ ಕ್ಲಿಪ್ಪು ಉಳಿಯಿತು. ಕಂಪನಿಯವರು ಜಾಸ್ತಿಯೇ ಹಾಕಿದ್ದಾರೆ ಎಂದು ಕಿಸೆಗೆ ಸುರಿದುಕೊಂಡ. ಉಳಿದ ಹಲಗೆಯನ್ನು ಎಸೆಯಲು ಮನಸ್ಸು ಬಾರದೆ, ಅದೇ ಸೀರೆಯಲ್ಲಿ ಇದ್ದ ಹಾಗೆಯೇ ಸುತ್ತಿ ಅಟ್ಟದಲ್ಲಿಟ್ಟ. ಅಚ್ಚುಕಟ್ಟಿನ ಮನುಷ್ಯ.

ಸಂಜೆ ಒಬ್ಬನೇ ಮಟ್ಟುವಿಗೆ ಹೋದ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವಿನ ಸಪೂರ ರಸ್ತೆಯಲ್ಲಿ ಕಾರು ನಿಲ್ಲಿಸಿ ಗಾಜು ಏರಿಸಿದ. ಭಾಗವತರು ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ತನ್ನ ಮಗ್ಗುಲಲ್ಲೇ ಕೇಳಿದ ಹಾಗಾಯಿತು. ಎಡಬಾಗಿಲಿನಿಂದ ಚೆಂಡೆ ಎದ್ದಿತು, ಬಲಬಾಗಿಲಿನಿಂದ ಮದ್ದಳೆ ಮೆಲ್ಲನೆ ಉತ್ತರ ಕೊಟ್ಟಿತು. ಅಯ್ಯೋ ದೇವರೇ, ಏನು ಸುಖ! ಕಡಲಿನ ಮೇಲೆ ಸೂರ್ಯ ಬಣ್ಣ ಹಚ್ಚಿಕೊಂಡು ಇನ್ನೇನು ರಂಗಕ್ಕೆ ಬರುವವನಂತೆ ನಿಂತಿದ್ದ. ವಿಠಲ ಕಣ್ಣು ಮುಚ್ಚಿದ. ಕಾರಿನ ಚಕ್ರಗಳು ನೆಲ ಬಿಟ್ಟವು. ಹೊಳೆಯ ಮೇಲೆ, ತೆಂಗಿನ ತಲೆಗಳ ಮೇಲೆ, ಕಾಪುವಿನ ದೀಪಸ್ತಂಭವನ್ನೊಮ್ಮೆ ಸುತ್ತಿ, ಕಾರು ತೇಲುತ್ತಾ ಹೋಯಿತು. ಇನ್ನು ಸಾಯುವ ತನಕ ದಿನಾ ಸಂಜೆ ಹೀಗೆಯೇ ಎಂದುಕೊಂಡ. ಬೇರೆ ಎಂತದೂ ಬೇಡ. ಅವನ ಕಣ್ಣು ಒದ್ದೆಯಾಯಿತು.

ಆದಿತ್ಯವಾರ ಬೇಬಿ ಗಂಟುಗಳನ್ನೆಲ್ಲ ತಾನೇ ಡಿಕ್ಕಿಗೆ ತುಂಬಿಸಿದಳು, ಏಕೆಂದರೆ ವಿಠಲ ಸೀಟಿನಲ್ಲಿ ಕೂತು ಆಗಲೇ ಅರ್ಧ ಗಾಳಿಯಲ್ಲಿದ್ದ. ಶಿರ್ವ ದಾಟಿ ಬೆಳ್ಮಣ್ಣಿನ ಕಡೆಗೆ ತಿರುಗುವಾಗ ಅವಳೂ ತಲೆ ಹಿಂದಕ್ಕೆ ಒರಗಿಸಿದಳು.

"ಚೆಂದ ಕೇಳ್ತದೆ ಮಾರಾಯ್ರೆ," ಎಂದಳು. "ಎಂತದೋ ನಮ್ಮ ಅಮ್ಮನ ಮನೆಯ ಜಗಲಿಯಲ್ಲಿ ಕೂತ ಹಾಗೆ ಆಗ್ತದೆ. ಅದೇ ಹಳೇ ಪರಿಮಳ ಸಹ."

ವಿಠಲ ಹಿಗ್ಗಿ ಹೀರೇಕಾಯಿಯಾದ. ಮದುವೆಯಾದಾಗಿನಿಂದ ಅವಳು ಅವನ ಒಂದು ಕೆಲಸವನ್ನು ಹೊಗಳಿದ್ದು ಇದೇ ಮೊದಲು.

ಕಾರ್ಕಳದಲ್ಲಿ ಅಳಿಯ ರೋಹಿತನ ಮನೆಯಂಗಳದ ತುಂಬ ಹೆಂಗಸರು. ಹಸಿರು ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು ಮೋಕ್ಷಾ ನಿಂತಿದ್ದಳು. ನಡುವೆ ಬೇಬಿಯ ಅಮ್ಮನ ಅಕ್ಕ, ಅಪ್ಪಿ ದೊಡ್ಡಮ್ಮ. ಆ ಕುಟುಂಬದ ಹಿರಿತಲೆ. ಅವರ ಮಾತಿಗೆ ಮೇಲ್ಮನವಿ ಇಲ್ಲ. "ಮಣೆ ತನ್ನಿ," ಎಂದರು. ಬೇಬಿ ಸೀರೆಯ ಗಂಟನ್ನು ಎದೆಗೊತ್ತಿ ತಂದಳು. ಆ ಸೀರೆಯನ್ನು ಕಂಡದ್ದೇ ಅಟ್ಟದ ಹಲಗೆ ಯಾವುದೆಂದು ವಿಠಲನಿಗೆ ಗೊತ್ತಾಯಿತು.

ಕೊನೆಯ ಸುತ್ತು ಬಿಚ್ಚಿಕೊಂಡಿತು. ಬೇಬಿ ಮಣೆ ಎತ್ತಿ ಹಿಡಿದಳು. ಅದರ ನಡುವೆ ಎರಡು ದೊಡ್ಡ ತೂತು. ಒಂದು ತೂತಿನಾಚೆ ಅಪ್ಪಿ ದೊಡ್ಡಮ್ಮನ ಮುಖ ಪೂರ್ಣಚಂದ್ರನಂತೆ ಕಾಣುತ್ತಿತ್ತು.

"ಗೆದ್ದಲು ಹಿಡಿದದ್ದಾ?" ಯಾರೋ ಕೇಳಿದರು.

"ಗೆದ್ದಲು ಇಷ್ಟು ಉರುಟಾಗಿ ತಿನ್ನುವುದಿಲ್ಲ," ಎಂದರು ದೊಡ್ಡಮ್ಮ. "ವಿಠಲ, ಇಲ್ಲಿ ಬಾ."

ಹೋದ. ಚೆಂಡೆ, ಹಲಸು, ಮ್ಯಾಗ್ನೆಟ್, ನಾದ ಎಂದು ಏನೇನೋ ತೊದಲಿದ. ಬೇಬಿ ಬೈಯಲಿಲ್ಲ. ಅಜ್ಜಿಯ ಅಜ್ಜಿಯ ಮಣೆಯ ತೂತಿನ ಅಂಚನ್ನು ಬೆರಳಿನಿಂದ ಸವರುತ್ತಾ ನಿಂತಳು, ಕಣ್ಣಲ್ಲಿ ನೀರು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ವಿಠಲನಿಗೆ ಮೊದಲ ಸಲ ಅನ್ನಿಸಿತು.

"ಈಗ ಮಣೆಯ ನಡುಭಾಗ ಎಲ್ಲುಂಟು?" ದೊಡ್ಡಮ್ಮ ಕೇಳಿದರು.

"ಕಾರಿನ ಬಾಗಿಲಲ್ಲಿ."

"ತೆಗೆದು ಜೋಡಿಸ್ಲಿಕ್ಕೆ ಆಗ್ತದಾ?"

"ತೆಗೀಲಿಕ್ಕೆ ಆಗ್ತದೆ ದೊಡ್ಡಮ್ಮ. ಜೋಡಿಸ್ಲಿಕ್ಕೆ ಆಗುವುದಿಲ್ಲ. ಬಳೆಗಳ ಒಳಗಿನ ತುಂಡುಗಳೆಲ್ಲ ಒಲೆಗೆ ಹೋದವು."

ದೊಡ್ಡಮ್ಮ ಕಾರಿನ ಬಳಿಗೆ ನಡೆದು, ಬಾಗಿಲಿಗೆ ಅಂಗೈಯಿಂದ ತಟ್ಟಿ ನೋಡಿದರು. ಆಮೇಲೆ ತಿರುಗಿ ಅಪ್ಪಣೆ ಕೊಟ್ಟರು: "ಮೂಲದ ಮಣೆ ಎಲ್ಲುಂಟೋ ಅಲ್ಲಿಯೇ ಶಾಸ್ತ್ರ. ಹುಡುಗಿಯನ್ನು ಕಾರಿನಲ್ಲಿ ಕೂರಿಸಿ."

ಮೋಕ್ಷಾ ಮುಂದಿನ ಸೀಟಿನಲ್ಲಿ ಪೂರ್ವಕ್ಕೆ ಮುಖಮಾಡಿ ಕೂತಳು. ಅದಕ್ಕಾಗಿ ರೋಹಿತ್ ಕಾರನ್ನೇ ತಿರುಗಿಸಬೇಕಾಯಿತು. ವಿಠಲ ಗುಂಡಿ ಒತ್ತಿದ, ಗಾಜು ಎಲ್ಲಿಯೂ ತಾಗದೆ ಬೆಣ್ಣೆಯಂತೆ ಇಳಿಯಿತು. ("ಕಂಡ್ರಾ? ಎಲ್ಲಿಯೂ ತಾಗುವುದಿಲ್ಲ," ಎಂದ. ಯಾರೂ ಮೆಚ್ಚಲಿಲ್ಲ.) ಹೆಂಗಸರು ಸಾಲುಗಟ್ಟಿ ಬಂದು ಕಿಟಕಿಯಿಂದಲೇ ಕುಂಕುಮ ಹಚ್ಚಿದರು, ಹೂ ಮುಡಿಸಿದರು, ಚಕ್ಕುಲಿ ಲಡ್ಡುಗಳಿಂದ ಮಡಿಲು ತುಂಬಿಸಿದರು. ಬಾಗಿಲಿಗೂ ಅರಿಶಿನ ಬಿತ್ತು. ನಡುವೆ ದೊಡ್ಡಮ್ಮ, "ಎಂತದೋ ನಾದ ಅಂದೆಯಲ್ಲ, ಹಾಕು ನೋಡುವ," ಎಂದರು. ಚೆಂಡೆ ಎದ್ದಿತು. ಮೋಕ್ಷಾ ಹೊಟ್ಟೆಯ ಮೇಲೆ ಕೈಯಿಟ್ಟು, "ಅಮ್ಮಾ, ಒಳಗೆ ಒದೀತಾ ಉಂಟು, ತಾಳಕ್ಕೆ ಸರಿಯಾಗಿ!" ಎಂದು ನಕ್ಕಳು. ಬೇಬಿಯೂ ನಕ್ಕುಬಿಟ್ಟಳು. ದೊಡ್ಡಮ್ಮ ಕಣ್ಣು ಮುಚ್ಚಿ ತಲೆದೂಗಿದರು. ಆ ಅಂಗಳವೇ ಒಂದು ಗಳಿಗೆ ನೆಲಬಿಟ್ಟು ತೇಲಿದ ಹಾಗೆ ವಿಠಲನಿಗೆ ತೋರಿತು. ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಟ್ಟ.

ಊಟವಾಯಿತು. ವಿಠಲ ಎರಡು ಸಲ ಪಾಯಸ ಹಾಕಿಸಿಕೊಂಡು, ಎಲೆಅಡಿಕೆ ಜಗಿಯುತ್ತಾ ಕಾರಿನ ಕೀಲಿಕೈ ತಿರುಗಿಸುತ್ತಾ ಬಂದ.

"ಎಲ್ಲಿಗೆ?" ದೊಡ್ಡಮ್ಮ ಜಗಲಿಯಿಂದ ಕೇಳಿದರು.

"ಮನೆಗೆ ದೊಡ್ಡಮ್ಮ. ಹೊತ್ತಾಯಿತು."

"ಹೋಗು. ಮಣೆ ಎಲ್ಲಿಗೆ ತೆಗೆದುಕೊಂಡು ಹೋಗ್ತಿ? ಕೂತವಳದ್ದೇ ಮಣೆ. ಬೇಬಿ ನಿನಗೆ ಹೇಳ್ಲಿಲ್ವಾ?"

"ಹೇಳಿದ್ದೇನೆ," ಎಂದಳು ಬೇಬಿ ತಣ್ಣಗೆ. "ಹ್ಞೂಂ, ಹ್ಞೂಂ ಅಂದಿದ್ದಾರೆ."

ವಿಠಲ ಅಳಿಯನ ಮುಖ ನೋಡಿದ. ಅಳಿಯನಾದರೂ 'ಬೇಡ ದೊಡ್ಡಮ್ಮ' ಎಂದಾನು ಎಂಬ ಆಸೆ. ರೋಹಿತ್ ಬಹಳ ವಿನಯದಿಂದ ಹತ್ತಿರ ಬಂದು ಕೈಚಾಚಿದ. "ಮಾವ, ಬ್ಲೂಟೂತ್ ಹೇಗೆ ಕನೆಕ್ಟ್ ಮಾಡುವುದು?"

ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಹಿಂದಿನ ಚಕ್ರದ ಮೇಲೆ. ತಲೆಯ ಮೇಲೆಯೇ ಒಂದು ಸ್ಪೀಕರ್, ನೆಗಡಿಯಾದ ದನಿಯಲ್ಲಿ ಅರಚುತ್ತಿತ್ತು. ಬೇಬಿಯ ಮಡಿಲಲ್ಲಿ ತೂತಿನ ಹಲಗೆ. ಅದನ್ನು ಮಡಕೆ ಕೂರಿಸಲು ಇಟ್ಟುಕೊಳ್ಳುತ್ತಾಳಂತೆ, ಅಳತೆ ಸರಿಯಾಗಿ ಉಂಟಂತೆ. ಬೆಳ್ಮಣ್ಣಿನ ತನಕ ವಿಠಲ ಕಿಟಕಿಯಾಚೆ ಹೋಗುವ ಕಾರುಗಳನ್ನೇ ನೋಡಿದ. ಕಿಸೆಯಲ್ಲಿ ಕ್ಲಿಪ್ಪುಗಳು ಚುಚ್ಚುತ್ತಿದ್ದವು.

ಬೇಬಿಗೆ ಕನಿಕರ ಬಂತು. "ಬೇಜಾರು ಮಾಡ್ಬೇಡಿ," ಎಂದಳು. "ಮೋಕ್ಷಾನಿಗೆ ಹೆಣ್ಣು ಮಗು ಹುಟ್ಟಿ, ಅದು ದೊಡ್ಡದಾಗಿ, ಮದುವೆಯಾಗಿ, ಬಸುರಿಯಾದ್ರೆ, ಬಯಕೆಗೆ ಕಾರು ಹೊರಗೆ ಬರ್ತದೆ. ಆ ದಿನ ಹೋಗಿ ಒಮ್ಮೆ ಕೇಳಿದ್ರಾಯಿತು."

ವಿಠಲ ಕಣ್ಣು ಮುಚ್ಚಿದ. "ಗಂಡು ಹುಟ್ಟಿದ್ರೆ?"

"ಹಾಗಾದ್ರೆ ಬಚ್ಚಲಿನ ಬಲ್ಬು ಬದಲಿಸಿಕೊಂಡು ಮನೆಯಲ್ಲೇ ಇರಿ."