ಸಿನಿಮಾದಲ್ಲಿ ನಾಯಿ ಯಾಕಿಲ್ಲ?

ನಾನು ಪ್ರೆಸ್ಸಿನಲ್ಲಿ ಬೈಂಡರ್. ಈ ಕೈಯಿಂದ ಹೊಲಿದ ಪುಸ್ತಕಗಳು ಸಾವಿರಾರು, ಓದಿದ್ದು ಒಂದೇ. ಆ ಒಂದನ್ನು ಇಪ್ಪತ್ತಾರು ವರ್ಷಗಳಲ್ಲಿ ಮೂವತ್ತೊಂದು ಸಲ ಓದಿದ್ದೇನೆ. ಅಂಥ ಕಾದಂಬರಿಯನ್ನು ಸಿನಿಮಾ ಮಾಡಿ ಅದರ ಕೊನೆಯನ್ನು ಕುಲಗೆಡಿಸಿದರೆ ಯಾರು ತಾನೆ ಸುಮ್ಮನಿರುತ್ತಾರೆ? ನಾನೂ ಸುಮ್ಮನಿರಲಿಲ್ಲ. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎನ್ನುವುದು ಈಗಿನ ಮಾತು.

ಕಥೆ ಇಷ್ಟೇ. ಎರಡು ದಿನದಲ್ಲಿ ಬರುತ್ತೇನೆಂದು ಹೋದ ಗಂಡ ಹನ್ನೆರಡು ವರ್ಷ ಬರುವುದಿಲ್ಲ. ಹೆಂಡತಿ ಕಾಯುತ್ತಾಳೆ. ಇನ್ನೂರ ಎಂಬತ್ತೆಂಟು ಪುಟ ಕಾಯುತ್ತಾಳೆ. ಕೊನೆಯ ಹದಿನಾರು ಪುಟಗಳಲ್ಲಿ ಅವನು ಬರುತ್ತಾನೆ. ಬಾಗಿಲಲ್ಲಿ ಮಲಗಿದ್ದ ನಾಯಿ ಬಾಲ ಅಲ್ಲಾಡಿಸುತ್ತದೆ. ಅವಳು ತಲೆಯೆತ್ತಿ, "ಇಷ್ಟು ಬೇಗ ಬಂದ್ರಾ?" ಎಂದು ಕೇಳಿ, ತಟ್ಟೆ ಇಟ್ಟು ಬಡಿಸುತ್ತಾಳೆ. ಆಮೇಲೆ ಇಬ್ಬರೂ ಪಕ್ಕದ ಮನೆಯವರ ವಿಷಯ ಮಾತಾಡುತ್ತಾ ಕೂರುತ್ತಾರೆ. ಮುಗಿಯಿತು. ಇಷ್ಟು ಬೇಗ ಬಂದ್ರಾ! ಎಂಥ ಮಾತು ನೋಡಿ! ಪ್ರೇಮದ ಮುಂದೆ ಹನ್ನೆರಡು ವರ್ಷ ಎಂದರೆ ಒಂದು ಕ್ಷಣ! ಆ ಸಾಲಿಗೆ ಬಂದಾಗಲೆಲ್ಲ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ಮದುವೆ ಗೊತ್ತಾದ ವಾರವೇ ಆ ಪುಸ್ತಕವನ್ನು ನನ್ನವಳಿಗೆ ಉಡುಗೊರೆ ಕೊಟ್ಟೆ. ನಾನೇ ಹೊಲಿದು, ನಾನೇ ಗಟ್ಟಿ ರಟ್ಟು ಹಾಕಿದ ಪ್ರತಿ. ಅವಳು ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಈ ನಾಯಿ ಎಲ್ಲಿಂದ ಬಂತು? ಮೊದ್ಲು ಎಲ್ಲೂ ಇರ್ಲಿಲ್ವಲ್ಲ?"

"ಅದು ಪ್ರತೀಕ."

"ಯಾವುದರ ಪ್ರತೀಕ?"

"ನಿಷ್ಠೆಯದು. ನಿನಗೆ ಸಾಹಿತ್ಯ ತಿಳಿಯಲ್ಲ ಬಿಡು."

(ಮದುವೆಗೆ ಮುಂಚೆಯೇ ಹೀಗೆ ಹೇಳಿದ ಧೈರ್ಯಶಾಲಿ ನಾನು. ಅಷ್ಟು ಧೈರ್ಯ ಆಮೇಲೆ ಮತ್ತೆ ಬರಲಿಲ್ಲ.)

ಆ ಹದಿನಾರು ಪುಟಗಳೇ ನನ್ನ ಸಂಸಾರದ ಸಂವಿಧಾನವಾದವು. ಐದಕ್ಕೆ ಕೆಲಸ ಮುಗಿದರೆ ನಾನು ನೇರ ಹೋಗುವುದು ಗಡಿಯಾರ ರಿಪೇರಿಯವನ ಅಂಗಡಿಗೆ, ಚದುರಂಗ ಆಡಲು. ಅಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ (ನಲವತ್ತು ಗಡಿಯಾರಗಳಿವೆ, ಒಂದೂ ನಡೆಯುವುದಿಲ್ಲ). ಎಂಟಕ್ಕೆ ಮನೆಗೆ ಬಂದರೆ ಅವಳು ಶುರು ಮಾಡುತ್ತಿದ್ದಳು. ನಾನು ಕಪಾಟಿನಿಂದ ಪುಸ್ತಕ ತೆಗೆಯುತ್ತಿದ್ದೆ.

"ಹನ್ನೆರಡು ವರ್ಷ ಕಾದವಳು ಒಂದು ಮಾತು ಅನ್ಲಿಲ್ಲ. ನಿನಗೆ ಮೂರು ಗಂಟೆ ದೊಡ್ಡದಾಯ್ತಾ?"

ಅವಳು ಪಾತ್ರೆ ಕುಕ್ಕಿ ಬಡಿಸುತ್ತಿದ್ದಳು. ನಾನು ಗೆದ್ದೆನೆಂದು ಉಣ್ಣುತ್ತಿದ್ದೆ, ಆರಿದ್ದನ್ನೇ.

ಸಿನಿಮಾ ಬಂತೆಂದು ತಿಳಿದ ದಿನವೇ ಮೂರು ಟಿಕೆಟ್ ತಂದೆ. ನನಗೆ, ಅವಳಿಗೆ, ಕಾಲೇಜಿಗೆ ಹೋಗುವ ಮಗಳಿಗೆ. "ಕೊನೇ ದೃಶ್ಯ ಮಾತ್ರ ಕಣ್ಣು ಬಿಟ್ಕೊಂಡು ನೋಡು" ಎಂದು ಹೆಂಡತಿಗೆ ಮೊದಲೇ ಹೇಳಿಟ್ಟಿದ್ದೆ. ನೋಡಿದಳು. ಚೆನ್ನಾಗಿಯೇ ನೋಡಿದಳು.

ಗಂಡ ಬಂದ. ಬಾಗಿಲಲ್ಲಿ ನಾಯಿ ಇಲ್ಲ. ಒಳಗಿರಬೇಕು ಎಂದುಕೊಂಡೆ. ಅವಳು ಬಾಗಿಲನ್ನು ಅರ್ಧ ತೆರೆದು, ಅವನ ಕೈಗೆ ಒಂದು ಲೋಟ ನೀರು ಕೊಟ್ಟಳು. ಅವನು ಕುಡಿದ. ಅವಳು ಲೋಟ ವಾಪಸ್ಸು ತೆಗೆದುಕೊಂಡು, "ದಾರಿ ಗೊತ್ತಲ್ಲ?" ಎಂದು ಬಾಗಿಲು ಹಾಕಿದಳು. ಚಿಲಕದ ಸದ್ದು. ದೀಪ ಹತ್ತಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನನ್ನವಳ ಚಪ್ಪಾಳೆ ಎಲ್ಲರದ್ದೂ ನಿಂತ ಮೇಲೂ ಕೇಳುತ್ತಿತ್ತು.

ನಾನು ಎದ್ದು ನಿಂತು ಕೂಗಿದೆ. "ನಾಯಿ ಎಲ್ರೀ? ನಾಯಿ ಎಲ್ಲಿ?"

ಹಿಂದಿನ ಸಾಲಿನವರು ಕಾಲು ಮೇಲೆತ್ತಿಕೊಂಡರು. ಟಾರ್ಚಿನವನು ಓಡಿ ಬಂದ. "ಸಾರ್, ಒಳಗೆ ನಾಯಿ ತರೋ ಹಾಗಿಲ್ಲ."

ಮನೆಗೆ ಬಂದವನೇ ಪತ್ರಿಕೆಗೆ ಪತ್ರ ಬರೆಯಲು ಕೂತೆ. 'ಮಹಾನ್ ಕೃತಿಗೆ ಬಗೆದ ಘೋರ ದ್ರೋಹ' ಎಂದು ತಲೆಬರಹ ಕೊಟ್ಟೆ. ಇದು ಬರೀ ಸಾಹಿತ್ಯದ ಪ್ರಶ್ನೆಯಲ್ಲ, ನನ್ನ ಎಂಟು ಗಂಟೆಯ ಊಟದ ಪ್ರಶ್ನೆ. ನನ್ನ ಪ್ರತಿ ಓದಿ ಓದಿ ಸವೆದು, ಮುದ್ರಣದ ವಿವರವಿದ್ದ ಹಾಳೆಯೇ ಹರಿದುಹೋಗಿತ್ತು. ಅದನ್ನು ನೋಡಿ ಬರಲು ಮರುದಿನ ಮಗಳು ಗ್ರಂಥಾಲಯಕ್ಕೆ ಹೋದವಳು ಪುಸ್ತಕವನ್ನೇ ತಂದಳು.

"ಅಪ್ಪಾ, ಇದರಲ್ಲೂ ನಾಯಿ ಇಲ್ಲ. ನೀರು ಕೊಟ್ಟು ಬಾಗಿಲು ಹಾಕ್ತಾಳೆ."

"ಅದು ಬೇರೆ ಮುದ್ರಣ ಇರ್ಬೇಕು."

"ಮೊದಲನೇ ಮುದ್ರಣ. ನಿನ್ನ ಪ್ರೆಸ್ಸಿನದೇ."

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನಮ್ಮಲ್ಲಿ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರಂ ಎನ್ನುತ್ತೇವೆ. ಪ್ರತಿ ಫಾರಮಿನ ಮೊದಲ ಪುಟದ ಬುಡದಲ್ಲಿ ಇರುವೆಯಷ್ಟು ಸಣ್ಣದಾಗಿ ಪುಸ್ತಕದ ಮೊದಲಕ್ಷರ, ಫಾರಮಿನ ಸಂಖ್ಯೆ ಇರುತ್ತದೆ. ಅದನ್ನು ನೋಡಿ ಜೋಡಿಸುವುದು ಬೈಂಡರ್ ಕಲಿಯುವ ಮೊದಲ ಪಾಠ. ನನ್ನ ಪ್ರತಿಯ ಹತ್ತೊಂಬತ್ತನೇ ಫಾರಮಿನಲ್ಲಿ ಸಂಖ್ಯೆ ಸರಿಯಾಗಿತ್ತು. ಅಕ್ಷರ ಬೇರೆ. ಆ ತಿಂಗಳು ಪ್ರೆಸ್ಸಿನಲ್ಲಿ ಎರಡು ಕಾದಂಬರಿಗಳಿದ್ದವು, ಎರಡೂ ಮುನ್ನೂರ ನಾಲ್ಕು ಪುಟ, ಎರಡರಲ್ಲೂ ಗಂಡ ಬರೀ 'ಅವನು', ಹೆಂಡತಿ ಬರೀ 'ಅವಳು'. ಒಂದರ ಬಾಲವನ್ನು ನಾನು ಇನ್ನೊಂದಕ್ಕೆ ಹೊಲಿದುಬಿಟ್ಟಿದ್ದೆ.

ಮಗಳು ಮತ್ತೆ ಓಡಿದಳು (ಪರೀಕ್ಷೆಗೂ ಅವಳು ಹೀಗೆ ಓಡಿದ್ದು ನಾನು ಕಂಡಿಲ್ಲ). ಎರಡನೆಯ ಕಾದಂಬರಿಯೂ ಬಂತು.

"ಇದರಲ್ಲಿ ನಾಯಿ ಮೊದಲನೇ ಪುಟದಿಂದಾನೇ ಇದೆ ಅಪ್ಪಾ. ಗಂಡ ಕ್ಷೌರ ಮಾಡಿಸ್ಕೊಂಡು ಬರೋಕೆ ಹೋಗಿರ್ತಾನೆ. ಅಂಗಡೀಲಿ ಜನ ಇರಲ್ಲ. ಅದಕ್ಕೇ ಅವಳು, ಇಷ್ಟು ಬೇಗ ಬಂದ್ರಾ ಅಂತಾಳೆ."

ಒಂದು ಕ್ಷೌರವನ್ನು ಮೂವತ್ತೊಂದು ಸಲ ಕಣ್ಣಿಗೊತ್ತಿಕೊಂಡಿದ್ದೆ. (ಎಲ್ಲೋ ಒಂದು ಮನೆಯಲ್ಲಿ ಇದರ ಬಾಲ ಅಂಟಿಸಿಕೊಂಡ ಎರಡನೆಯ ಕಾದಂಬರಿಯ ಪ್ರತಿಯೂ ಇರಬೇಕು. ಕ್ಷೌರ ಮಾಡಿಸಿಕೊಂಡು ಬಂದ ತಪ್ಪಿಗೆ ಮನೆಯಿಂದ ಹೊರಬಿದ್ದ ಗಂಡನನ್ನು ನೆನೆದು ಅಲ್ಲಿಯ ಬಡಪಾಯಿ ಇಂದಿಗೂ ಕೂದಲು ಬಿಟ್ಟಿರಬಹುದು.) ಕೆಲಸಗಾರನಾಗಿ ನನಗೆ ನಾಚಿಕೆಯಾಯಿತು. ಓದುಗನಾಗಿ ನಿಜಕ್ಕೂ ದುಃಖವಾಯಿತು.

"ಅವತ್ತು ನಿಮ್ಮ ಗಮನ ಎಲ್ಲಿತ್ತು?" ಹೆಂಡತಿ ಕೇಳಿದಳು.

ನಿಜವನ್ನೇ ಹೇಳಿದೆ. "ಅವತ್ತೇ ನಿಮ್ಮನೆಯಿಂದ ಒಪ್ಪಿಗೆ ಬಂದಿದ್ದು. ಕಣ್ಣು ಹಾಳೆ ಮೇಲೆ ನಿಲ್ತಾನೇ ಇರ್ಲಿಲ್ಲ ಕಣೇ."

 ಅವಳು ಮೊದಲ ಕಾದಂಬರಿಯ ಗ್ರಂಥಾಲಯದ ಪ್ರತಿ ತೆಗೆದು ನಿಜವಾದ ಕೊನೆಯ ಹದಿನಾರು ಪುಟಗಳನ್ನು ನಿಂತೇ ಓದಿದಳು. ಪುಸ್ತಕ ಮುಚ್ಚಿಟ್ಟಳು. ಒಂದು ಮಾತೂ ಆಡಲಿಲ್ಲ. ಮೌನವೆಂದರೆ ಕ್ಷಮೆ ಎಂದು ನಾನು ತಿಳಿದೆ. ಅದನ್ನೂ ಕಲಿತದ್ದು ಆ ಕ್ಷೌರದ ಪುಟಗಳಿಂದಲೇ.

ಮರುದಿನ ಚದುರಂಗ ಮುಗಿಸಿ ಎಂದಿನಂತೆ ಎಂಟಕ್ಕೆ ಬಂದೆ. ಬಾಗಿಲು ಹಾಕಿತ್ತು. ತಟ್ಟಿದೆ.

"ಇಷ್ಟು ಬೇಗ ಬಂದ್ರಾ?" ಒಳಗಿನಿಂದ ಅವಳ ದನಿ.

ಕಿಟಕಿ ತೆರೆಯಿತು. ಸರಳುಗಳ ನಡುವೆ ಒಂದು ಲೋಟ ನೀರು ಬಂತು. ಬೇರೆ ದಾರಿ ಕಾಣದೆ ಕುಡಿದೆ. ಕೈ ಲೋಟ ವಾಪಸ್ಸು ತೆಗೆದುಕೊಂಡಿತು.

"ಗಡಿಯಾರದ ಅಂಗಡಿ ದಾರಿ ಗೊತ್ತಲ್ಲ?"

ಕಿಟಕಿ ಮುಚ್ಚಿತು. ಮೆಟ್ಟಿಲ ಮೇಲೆ ಕೂತೆ. ಬೀದಿನಾಯಿಯೊಂದು ಬಂದು ನನ್ನ ಚಪ್ಪಲಿ ಮೂಸಿ, ಪಕ್ಕದಲ್ಲೇ ಮುದುರಿ ಮಲಗಿತು.

"ಅಮ್ಮಾ, ನಾಯಿ ಬಂತು!" ಒಳಗಿನಿಂದ ಮಗಳು ಕೂಗಿದಳು.

"ಯಾವುದರ ಪ್ರತೀಕ ಅಂತ ನಿಮ್ಮಪ್ಪನ್ನ ಕೇಳು. ಸರಿಯಾಗಿ ಹೇಳಿದ್ರೆ ಬಾಗಿಲು ತೆಗೀತೀನಿ."

ಇಪ್ಪತ್ತಾರು ವರ್ಷ ವಿವರಿಸಿದವನು ಈಗ ಉತ್ತರಕ್ಕಾಗಿ ನಾಯಿಯ ಮುಖ ನೋಡಿದೆ. ಅದು ಬಾಲ ಕೂಡ ಅಲ್ಲಾಡಿಸಲಿಲ್ಲ.