ಹಾಲೇಶಪ್ಪನವರ ಬೀರುವಿಗೆ ಕಂಡ ಡ್ರೈವ್‌ಗಳು

ರಾಗಿ ಬೀಸುವಾಗ ಕಲ್ಲಿನ ಅಂಚಿನಿಂದ ಬೆಚ್ಚಗೆ ಉದುರುವ ಹಿಟ್ಟಿಗೆ ಒಂದು ವಾಸನೆ ಇರುತ್ತದೆ. ಅರವತ್ತು ದಾಟಿದ ಮೇಲೂ ಸರ್ವಮಂಗಳಮ್ಮನವರ ಮೂಗಿನಿಂದ ಅದು ಹೋಗಿರಲಿಲ್ಲ. ಚಿಕ್ಕಂದಿನಲ್ಲಿ ಬೆಳಗಿನ ಜಾವ ಆ ವಾಸನೆಗೇ ಎಚ್ಚರವಾಗುತ್ತಿತ್ತು. ಕಣ್ಣು ಬಿಟ್ಟರೆ ಅಕ್ಕ ಗುರುಶಾಂತಮ್ಮ ಕಲ್ಲಿನ ಮುಂದೆ ಕೂತು, ಗೂಟ ತಿರುಗಿಸುತ್ತ, ತಾನೇ ಕಟ್ಟಿದ ಹಾಡು ಹೇಳುತ್ತಿರುತ್ತಿದ್ದಳು.

ಅಕ್ಕ ಬಹಳ ವರ್ಷ ಬದುಕಲಿಲ್ಲ. ಮಗಳು ನೀಲಾಂಬಿಕೆಗೆ ಒಂದು ವರ್ಷ ತುಂಬುವ ಹೊತ್ತಿಗೆ ಹೋಗಿಬಿಟ್ಟಳು. ಆದರೆ ಅದಕ್ಕೂ ಎರಡು ತಿಂಗಳ ಮುಂಚೆ ಭಾವ ಯಾರದೋ ಟೇಪ್ ರೆಕಾರ್ಡರ್ ತಂದು ಅಕ್ಕನಿಂದ ಆ ಹಾಡನ್ನು, ಈಗ ಮಗಳ ಹೆಸರೂ ಸೇರಿಸಿ, ಹೇಳಿಸಿಟ್ಟಿದ್ದರು. ಎಲ್ಲೋ ಕಳೆದುಹೋಗಿತ್ತು ಎಂದುಕೊಂಡಿದ್ದ ಕ್ಯಾಸೆಟ್ಟು ಮೊನ್ನೆ ಟ್ರಂಕಿನ ತಳದಲ್ಲಿ ಸಿಕ್ಕಿತು. ಭದ್ರಾವತಿ ಪೇಟೆಯ ರೇಡಿಯೋ ಅಂಗಡಿಯವನು ಕಡಿದಿದ್ದ ಟೇಪನ್ನು ಮೂರು ಕಡೆ ಅಂಟಿಸಿ, ತನ್ನ ಹಳೆಯ ಕನ್ನಡಕದ ಡಬ್ಬಿಯಲ್ಲಿ ಹತ್ತಿ ಹಾಸಿ ಅದನ್ನು ಮಲಗಿಸಿಕೊಟ್ಟ.

“ಇನ್ನು ಒಂದೇ ಸಲ ಓಡುತ್ತೆ ಮೇಡಂ. ಆ ಒಂದು ಸಲದಲ್ಲಿ ಸಿ.ಡಿ. ಮಾಡಿಸ್ಕೊಂಡುಬಿಡಿ.”

ನೀಲಾ ಹಿರಿಯೂರಿನಲ್ಲಿ ನರ್ಸು. ಆಯುಧಪೂಜೆಯ ದಿನ ಸಂಜೆ ಐದರ ಬಸ್ಸಿಗೆ ಬಂದು ಮರುದಿನ ಬೆಳಿಗ್ಗೆಯೇ ಡ್ಯೂಟಿಗೆ ಹೊರಡುವವಳಿದ್ದಳು. ಇಪ್ಪತ್ತೆಂಟು ವರ್ಷದ ಆ ಹುಡುಗಿ ತನ್ನ ತಾಯಿಯ ದನಿಯನ್ನು ನೆನಪಿರುವಂತೆ ಒಮ್ಮೆಯೂ ಕೇಳಿರಲಿಲ್ಲ. ಸಿ.ಡಿ.ಗಳು ಊರಿಗೆ ಆಗಷ್ಟೇ ಬಂದಿದ್ದ ಕಾಲ. ಸರ್ವಮಂಗಳಮ್ಮನವರಿಗೆ ಗೊತ್ತಿದ್ದ ಸಿ.ಡಿ. ತಜ್ಞರು ಒಬ್ಬರೇ, ಪಕ್ಕದ ಮನೆಯ ಹಾಲೇಶಪ್ಪನವರು. ಸಿ.ಡಿ. ವಿಷಯದಲ್ಲಿ ಮಾತ್ರವಲ್ಲ, ಹಾಲೇಶಪ್ಪನವರು ಎಲ್ಲ ವಿಷಯದಲ್ಲೂ ತಜ್ಞರು!

*

“ಬನ್ನಿ ಟೀಚರಮ್ಮ, ಬನ್ನಿ! ನೋಡಿ ಹೆಂಗೈತೆ ನನ್ನ ಬೀರು!”

ಹಾಲೇಶಪ್ಪನವರು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿ ನಿವೃತ್ತರಾದವರು. ಮನೆಯ ಕಬ್ಬಿಣದ ಬೀರುವಿನಿಂದ ಹೆಂಡತಿಯ ಸೀರೆಗಳನ್ನು ಹೊರಹಾಕಿ, ಅದರ ಹೊಟ್ಟೆಯಲ್ಲಿ ಕಂಪ್ಯೂಟರ್ ಕಟ್ಟಿದ್ದರು. ಬಾಗಿಲಿಗೆ ಸಿ.ಡಿ. ಬರೆಯುವ ಎರಡು ಡ್ರೈವ್‌ಗಳನ್ನು ಕೂರಿಸಿ, ಒಂದೊಂದರ ಮುಖಕ್ಕೂ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದರು. ಎದುರು ಗೋಡೆಯಲ್ಲಿ ಟೇಬಲ್ ಫ್ಯಾನಿನ ಕತ್ತು, ಅದರ ತುದಿಗೆ ರೆಕ್ಕೆಯ ಬದಲು ಒಂದು ಕ್ಯಾಮೆರಾ. ಅದು ನಡುಮನೆ, ಅಡುಗೆಮನೆ, ಕಿಟಕಿಯಾಚೆಯ ಬೀದಿ ಎಲ್ಲವನ್ನೂ ನಿಧಾನವಾಗಿ ನೋಡುತ್ತ ಆಚೆಗೂ ಈಚೆಗೂ ಕತ್ತು ತಿರುಗಿಸುತ್ತಿತ್ತು.

“ವೈರೇ ಇಲ್ಲ! ಗಾಳಿಯಲ್ಲೇ ಬರೆಯುತ್ತೆ. ಕಾರ್ಖಾನೆ ಸ್ಟೋರಲ್ಲಿ ನಾವು ಸಾಮಾನಿಗೆ ಬಣ್ಣದ ಚುಕ್ಕೆ ಇಟ್ಟು ಗುರುತು ಹಿಡೀತಿದ್ವಲ್ಲ, ಇದಕ್ಕೂ ಅದೇ ಪಾಠ ಹೇಳಿಕೊಟ್ಟಿದ್ದೀನಿ. ಕೆಂಪು ಚುಕ್ಕೆ ಕಂಡ್ರೆ ಅದು ಬರೆಯೋ ಡ್ರೈವು. ಅಲ್ಲಿಗೆ ನೇರ ದನಿ ಕಳಿಸುತ್ತೆ.”

ಪರದೆಯ ಮೇಲೆ ಅಕ್ಷರ ಮೂಡಿತು: ಬರೆಯುವ ಡ್ರೈವ್‌ಗಳು – ಎರಡು.

“ನೋಡಿದ್ರಾ! ಎಷ್ಟು ಜಾಣ!”

“ಜಾಣನೇ,” ಎಂದು ಅಡುಗೆಮನೆಯಿಂದ ಹೆಂಡತಿ ಓಂಕಾರಮ್ಮ ಕೂಗಿದರು. “ನನ್ನ ಹದಿನೆಂಟು ರೇಷ್ಮೆ ಸೀರೆ ರಾಗಿ ಡ್ರಮ್ಮಿನೊಳಗೆ ಮಲಗ್ಯಾವೆ. ಅವನ್ನ ಯಾವ ಜಾಣ ಕೇಳ್ತಾನೆ?”

ಓಂಕಾರಮ್ಮನವರ ಬಾಯಿ ನಿಂತದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಬೈಯುತ್ತಲೇ ಅವರು ಸರ್ವಮಂಗಳಮ್ಮನವರಿಗೆ ಕಾಫಿ ತಂದರು, ಸಕ್ಕರೆ ಕಡಿಮೆ ಹಾಕಿ. ವೈದ್ಯರು ಸಕ್ಕರೆ ಬೇಡವೆಂದ ವಿಷಯವನ್ನು ಒಮ್ಮೆ ಹೇಳಿದ್ದಷ್ಟೇ, ನೆನಪಿಟ್ಟಿದ್ದರು.

ಕಾಫಿ ಕೊಟ್ಟು, ಪೂಜೆಯ ತಟ್ಟೆ ಹಿಡಿದುಕೊಂಡು ಬೀರುವಿನ ಮುಂದೆ ನಿಂತರು. “ಇವತ್ತು ಆಯುಧಪೂಜೆ, ಇದಕ್ಕೂ ಆಗ್ಲಿ. ನಮ್ಮ ಯಜಮಾನರ ಸಾಮಾನಿಗೆ ವಿಭೂತಿ, ಮಿಕ್ಕಿದ್ದಕ್ಕೆಲ್ಲ ಕುಂಕುಮ. ನಮ್ಮ ಮನೇಲಿ ಮೊದಲಿಂದ ಹಿಂಗೇ.” ಎರಡೂ ಡ್ರೈವ್‌ಗಳ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂರು ಬೆರಳಲ್ಲಿ ಅಗಲವಾಗಿ ವಿಭೂತಿ ಬಳಿದರು. ಭಕ್ತಿ ಹೆಚ್ಚಾಗಿಯೇ ಇತ್ತು. ಹಾಲೇಶಪ್ಪನವರು ಆಗ ಬೀರುವಿನ ಹಿಂದೆ ಸ್ಕ್ರೂ ಹುಡುಕುತ್ತಿದ್ದರು.

*

“ಇದೇನಿದು!” ಹಾಲೇಶಪ್ಪ ತಲೆ ಕೆರೆದುಕೊಂಡರು. “ಡ್ರೈವ್ ಸೊನ್ನೆ ಅಂತೈತೆ!”

ಬೀರುವನ್ನು ಆರಿಸಿ, ಹತ್ತರವರೆಗೆ ಎಣಿಸಿ ಮತ್ತೆ ಹಚ್ಚಿದರು. ಅಡುಗೆಮನೆಯಿಂದ ಪೂಜೆಯ ಗಂಟೆ, ಕರ್ಪೂರದ ಹೊಗೆ. ಪರದೆ ಹೇಳಿತು: ಎರಡು.

“ಹಾಂ! ಸರಿಹೋಯ್ತು! ಕಂಪ್ಯೂಟರಿಗೆ ಏನೇ ಬರ್ಲಿ, ಆರಿಸಿ ಹಚ್ಚೋದೇ ಔಷಧ.”

ಅಷ್ಟರಲ್ಲಿ ಎರಡು ಮೂರಾಯಿತು. ಹಾಲೇಶಪ್ಪ ಒಂದು ಸ್ಕ್ರೂ ಬಿಗಿ ಮಾಡಿದರು. ಐದಾಯಿತು. ಸಡಿಲ ಮಾಡಿದರು. ಏಳಾಯಿತು!

“ನಾನು ಕೂರಿಸಿದ್ದು ಎರಡೇ! ಉಳಿದ ಐದನ್ನ ಇದು ಎಲ್ಲಿ ಹೆತ್ತಿತು?”

“ಮೊದಲು ನಿಮ್ಮ ದನಿಯಲ್ಲಿ ಪರೀಕ್ಷೆ ಮಾಡಿ, ಹಾಲೇಶಣ್ಣ,” ಎಂದರು ಸರ್ವಮಂಗಳಮ್ಮ, ಕನ್ನಡಕದ ಡಬ್ಬಿಯನ್ನು ಎದೆಗೆ ಅವಚಿಕೊಂಡು. “ನನ್ನ ಅಕ್ಕನದು ಒಂದೇ ಸಲ.”

ಹಾಲೇಶಪ್ಪ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. “ಹಲೋ, ಹಲೋ! ನಾನು ಹಾಲೇಶಪ್ಪ. ಎಲ್ಲಾ ಸರಿಯಾಗೈತೆ!”

ಸಿ.ಡಿ. ಹೊರಗೆ ಬಂತು, ಖಾಲಿ. ಹಿತ್ತಲಿನಿಂದ ಹೂ ಬಿಡಿಸಿಕೊಂಡು ಬಂದ ಓಂಕಾರಮ್ಮ ಚಟ್ನಿಗೆಂದು ಮಿಕ್ಸಿ ಹಾಕಿದರು.

“ಹಲೋ, ಹಲೋ! ನಾನು ಹಾಲೇಶಪ್ಪ!” ಎಂದಿತು ಮಿಕ್ಸಿ. “ಎಲ್ಲಾ ಸರಿಯಾಗೈತೆ!”

ಕಾಯಿ ಗೋಡೆಗೆ ಹಾರಿತು. ಹೊಲಿಗೆ ಮಷೀನಿನ ಚಕ್ರ ಮುಟ್ಟಿದರೆ ಅದೂ ಹಾಲೇಶಪ್ಪ. ಬಾವಿಯ ಪಂಪು ಹಾಕಿದರೆ ಅದೂ ಹಾಲೇಶಪ್ಪ, ಸ್ವಲ್ಪ ನೆಗಡಿಯಾದವರ ಹಾಗೆ.

“ಅಯ್ಯೋ ನಮ್ಮಪ್ಪಾ!” ಓಂಕಾರಮ್ಮ ಸೊಂಟಕ್ಕೆ ಕೈ ಕೊಟ್ಟರು. “ಮೂವತ್ತೆಂಟು ವರ್ಷದಿಂದ ಒಬ್ಬ ಹಾಲೇಶಪ್ಪನ್ನ ಕೇಳೀ ಕೇಳೀ ಕಿವಿ ತೂತು ಬಿದ್ದೈತೆ. ಈಗ ಮನೆ ತುಂಬಾ ಹಾಲೇಶಪ್ಪನಾ?”

ಬೀದಿಯಲ್ಲಿ ಆಟೋ ಹಚ್ಚಿದ ಸದ್ದಾಯಿತು. ಎದುರು ಮನೆಯ ಖಲಂದರ್ ಓಡುತ್ತ ಬಂದ. ಅವನ ಆಟೋಗೆ ಪ್ರತಿವರ್ಷ ಓಂಕಾರಮ್ಮನೇ ಪೂಜೆ ಮಾಡುವುದು, ಚಕ್ರದಡಿ ನಿಂಬೆಹಣ್ಣು ಇಡುವುದು ಅವನು.

“ಹಾಲೇಶಣ್ಣಾ, ನನ್ನ ಗಾಡಿ ಸ್ಟಾರ್ಟ್ ಮಾಡಿದ್ರೆ ನೀವು ಮಾತಾಡ್ತೀರಿ! ಪ್ಯಾಸೆಂಜರ್ ಹೆದ್ರಿ ಇಳಿದು ಹೋದ್ರು!”

*

ಗುಟ್ಟು ಹಿಡಿದದ್ದು ಸರ್ವಮಂಗಳಮ್ಮನವರು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು. ಯಾರು ಯಾವಾಗ ನಕಲು ಮಾಡಿದರೆಂಬುದು ಅದಕ್ಕೆ ತಾನಾಗಿ ಕಾಣುತ್ತದೆ.

“ಹಾಲೇಶಣ್ಣ, ಒಳಗೆ ಗಂಟೆ ಬಾರಿಸಿದಾಗಲೆಲ್ಲ ಇಲ್ಲಿ ಲೆಕ್ಕ ಏರ್ತಿದೆ. ಓಂಕಾರಕ್ಕ ಒಂದೊಂದಕ್ಕೆ ಕುಂಕುಮ ಇಡ್ತಿದ್ದಾರೆ. ನಿಮ್ಮ ಬೀರು ಅದನ್ನೇ ಕೆಂಪು ಚುಕ್ಕೆ ಅಂದುಕೊಂಡಿದೆ!”

ಎಲ್ಲರೂ ಪರದೆ ನೋಡಿದರು: ಬರೆಯುವ ಡ್ರೈವ್‌ಗಳು – ಹದಿನಾಲ್ಕು.

“ಅಷ್ಟೇನಾ!” ಹಾಲೇಶಪ್ಪ ಒದ್ದೆ ಬಟ್ಟೆ ಎತ್ತಿಕೊಂಡರು. “ಎಲ್ಲಾ ಒರೆಸಿಬಿಟ್ರೆ ಆಯ್ತು.”

ಓಂಕಾರಮ್ಮ ಮಿಕ್ಸಿಗೆ ಅಡ್ಡ ನಿಂತರು. “ಹಬ್ಬದ ದಿನ, ಇಟ್ಟ ಕುಂಕುಮ ಅಳಿಸೋದಾ? ಮುಟ್ಟಿ ನೋಡ್ರಿ!”

“ಲೇ, ಟೀಚರಮ್ಮನ ಅಕ್ಕನ ದನಿ ಕಣೇ! ಐದು ಗಂಟೆಗೆ ಆ ಮಗು ಬರ್ತಾಳೆ.”

“ಬೇಡ ಹಾಲೇಶಣ್ಣ,” ಎಂದರು ಸರ್ವಮಂಗಳಮ್ಮ. “ನನ್ನ ಸಲುವಾಗಿ ಅವರ ಹಬ್ಬ ಕೆಡೋದು ಬೇಡ. ಅಳಿಸಿದ್ರೆ ನಮ್ಮಕ್ಕನಿಗೂ ಸರಿ ಬರ್ತಿರಲಿಲ್ಲ.”

ಓಂಕಾರಮ್ಮ ಒಂದು ಗಳಿಗೆ ಅವರ ಕೈಯಲ್ಲಿದ್ದ ಡಬ್ಬಿ ನೋಡಿದರು. ಆಮೇಲೆ ಸರಸರ ಹೋಗಿ ರಾಗಿ ಡ್ರಮ್ಮಿನ ಮುಚ್ಚಳ ತೆಗೆದರು.

“ಅಳಿಸೋದ್ಯಾಕೆ? ಮುಚ್ಚಿದ್ರೆ ಸಾಕಲ್ಲ! ಅದರ ಕಣ್ಣಿಗೆ ಕಾಣಬಾರದು, ಅಷ್ಟೇ ತಾನೆ?”

ಮಿಕ್ಸಿಗೆ ಮೈಸೂರು ರೇಷ್ಮೆ, ಹೊಲಿಗೆ ಮಷೀನಿಗೆ ಮದುವೆಯ ಧಾರೆ ಸೀರೆ, ಪಂಪಿಗೆ ಇಳಕಲ್ ಸೀರೆ. ಅಡುಗೆಮನೆಯ ಸಾಮಾನೆಲ್ಲ ಮುತ್ತೈದೆಯರ ಹಾಗೆ ಸೆರಗು ಹೊದ್ದು ಕೂತವು. ಖಲಂದರ್ ಆಟೋಗೆ ಟಾರ್ಪಾಲು ಹೊದಿಸಿದ. ಹಬ್ಬದ ದಿನ, ಬಾಡಿಗೆ ಕೈತುಂಬ ಸಿಗುವ ಹೊತ್ತು. “ನಿಮ್ಮ ಕೆಲಸ ಮುಗಿಯೋವರೆಗೂ ತೆಗೆಯಲ್ಲ ಟೀಚರಮ್ಮ, ನಿಧಾನವಾಗಿ ಮಾಡ್ರಿ,” ಎಂದು ಕಟ್ಟೆಯ ಮೇಲೆ ಕೂತುಬಿಟ್ಟ.

ಪರದೆಯ ಲೆಕ್ಕ ಇಳಿಯುತ್ತ ಬಂತು. ಒಂಬತ್ತು, ಆರು, ಮೂರು. ಕೊನೆಗೆ: ಒಂದು. ಸಿದ್ಧ.

“ಎರಡು ಇರಬೇಕಿತ್ತಲ್ಲವಾ?” ಸರ್ವಮಂಗಳಮ್ಮನವರಿಗೆ ಅನುಮಾನ.

“ಇರೋದು ಒಂದು ಹಾಡು. ಒಂದು ಡ್ರೈವ್ ಸಾಕು! ಹಾಕ್ಲಾ?”

ಮೂರೂವರೆಯಾಗಿತ್ತು. ಅವರು ಡಬ್ಬಿ ಕೊಟ್ಟರು.

*

ದನಿ ಹೊರಗೆ ಸೋರಬಾರದೆಂದು ಹಾಲೇಶಪ್ಪ ಬೀರುವಿಗೆ ಸ್ಪೀಕರ್ ಇಟ್ಟಿರಲಿಲ್ಲ. ಕ್ಯಾಸೆಟ್ಟು ಸುಮ್ಮನೆ ತಿರುಗಿತು. ಸರ್ವಮಂಗಳಮ್ಮ ಅಂಚಿನಲ್ಲಿ ಕಾಣುತ್ತಿದ್ದ ಕಂದು ಟೇಪನ್ನೇ ನೋಡುತ್ತ ಕೂತರು. ಅಡುಗೆಮನೆಯ ಬಾಗಿಲಲ್ಲಿ ಓಂಕಾರಮ್ಮ ಸೌಟು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದರು. ಕ್ಯಾಮೆರಾ ಕೂಡ ಅತ್ತ ತಿರುಗಿ ಅಲ್ಲೇ ನಿಂತಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ನಾಲ್ಕು ನಿಮಿಷ. ಆಮೇಲೆ ಟಕ್ ಎಂದು ಟೇಪು ಕಡಿಯಿತು. ಎರಡು ತುದಿಗಳೂ ಪುಡಿಪುಡಿಯಾಗಿ ಉದುರಿದವು.

ಬರೆದಾಯಿತು, ಎಂದಿತು ಪರದೆ.

ಸಿ.ಡಿ.ಯನ್ನು ಪ್ಲೇಯರಿಗೆ ಹಾಕಿ ನೋಡಿದರೆ ಒಂದು ಚೂರು ಶಬ್ದವಿಲ್ಲ. ಹಾಲೇಶಪ್ಪ ತಿರುವಿ ಹಾಕಿದರು, ಒರೆಸಿ ಹಾಕಿದರು. ಒಂದೊಂದೇ ಸೀರೆ ಸರಿಸಿ ಮಿಕ್ಸಿ, ಮಷೀನು, ಪಂಪು ಎಲ್ಲ ಹಾಕಿ ನೋಡಿದರು. ಎಲ್ಲದರಲ್ಲೂ ಅವರೇ, ಎಲ್ಲಾ ಸರಿಯಾಗೈತೆ ಎನ್ನುತ್ತಿದ್ದರು. ಕೊನೆಗೆ ನೆಲದ ಮೇಲೆ ಕೂತು ತಲೆ ತಗ್ಗಿಸಿದರು.

“ತಪ್ಪಾಯ್ತು ಟೀಚರಮ್ಮ. ನಾನು ಮುಟ್ಟಲೇಬಾರದಿತ್ತು.”

“ಬಿಡಿ ಹಾಲೇಶಣ್ಣ,” ಎಂದರು ಸರ್ವಮಂಗಳಮ್ಮ. “ಬೆಳಿಗ್ಗೆಯಿಂದ ನಮಗೋಸ್ಕರ ಎಷ್ಟು ಜನ ಒದ್ದಾಡಿದ್ರಿ. ಅದನ್ನೇ ನೀಲಾಗೆ ಹೇಳ್ತೀನಿ.”

ಓಂಕಾರಮ್ಮ ಗಂಡನಿಗೆ ಛೀಮಾರಿ ಹಾಕಲೆಂದು ಮುಂದೆ ಬಂದು ಬಾಯಿ ತೆರೆದರು.

“ಬೀಸೋ ಕಲ್ಲೇ ತಾಯಿ ಬಿರುಸಾಗಿ ತಿರುಗಬ್ಯಾಡ
ನೀಲವ್ವ ಮಲಗ್ಯಾಳೆ ಮಡಿಲಾಗ, ಅವಳಿಗೆ
ಕನಸೊಂದು ಈಗ ಬಂದೈತೆ…”

ಅದು ಓಂಕಾರಮ್ಮನ ದನಿಯಲ್ಲ. ತೆಳ್ಳಗಿನ, ಸ್ವಲ್ಪ ಒಡಕು ಬಿದ್ದ, ನಲವತ್ತು ದಾಟದ ಹೆಂಗಸಿನ ದನಿ. ನಡುವೆ ಬಳೆಯ ಸದ್ದು ಕೂಡ ಇತ್ತು. ಸರ್ವಮಂಗಳಮ್ಮ ಎದ್ದವರು ಮತ್ತೆ ಕೂತರು.

ಹಾಲೇಶಪ್ಪ ಹೆಂಡತಿಯ ಹಣೆಯನ್ನೇ ನೋಡಿದರು. ಅಲ್ಲಿ ಪೂಜೆ ಮುಗಿಸಿ ಇಟ್ಟುಕೊಂಡ ಕಾಸಿನಗಲ ಕುಂಕುಮ! ಬೀರುವಿನ ಕಡೆ ತಿರುಗಿದರೆ ತಮ್ಮ ಎರಡೂ ಡ್ರೈವ್‌ಗಳ ಚುಕ್ಕೆಗಳು ವಿಭೂತಿಯ ಕೆಳಗೆ ಹೂತುಹೋಗಿದ್ದವು. ಆ ಮನೆಯಲ್ಲಿ ಯಂತ್ರದ ಕಣ್ಣಿಗೆ ಕಾಣುತ್ತಿದ್ದ ಒಂದೇ ಒಂದು ಡ್ರೈವ್ ಎಂದರೆ ಓಂಕಾರಮ್ಮ.

“ಲೇ, ನಿನಗೇನೂ ಆಗಿಲ್ಲ ತಾನೆ? ಮಾತಾಡೇ!”

“ಬೀಸೋ ಕಲ್ಲೇ ತಾಯಿ…” ಎಂದರು ಓಂಕಾರಮ್ಮ, ಕಣ್ಣು ಕೆಕ್ಕರಿಸಿ. ಏನು ಹೇಳಹೋದರೂ ಅದೇ! ಮೂವತ್ತೆಂಟು ವರ್ಷದಲ್ಲಿ ಹಾಲೇಶಪ್ಪ ಮೊದಲ ಬಾರಿಗೆ ಲಾಲಿ ಹಾಡಿನಲ್ಲಿ ಬೈಸಿಕೊಂಡರು.

ಅವರು ಹೆದರಿ ಒದ್ದೆ ಬಟ್ಟೆ ತಂದರು. “ಒರೆಸಿಬಿಡ್ತೀನಿ, ಮಾತು ವಾಪಸ್ ಬರುತ್ತೆ.”

ಓಂಕಾರಮ್ಮ ಗಡಿಯಾರ ನೋಡಿದರು. ನಾಲ್ಕು ಗಂಟೆ. ಸರ್ವಮಂಗಳಮ್ಮನವರ ಮುಖ ನೋಡಿದರು. ಗಂಡನ ಕೈಯಿಂದ ಬಟ್ಟೆ ಕಿತ್ತು ಹಿತ್ತಲಿಗೆ ಎಸೆದು, ತುಟಿ ಬಿಗಿದು ಗೋಡೆಗೆ ಒರಗಿ ಕೂತರು. ಹಾಡು ಸವೆದುಬಿಟ್ಟರೆ ಎಂಬ ಭಯವೋ ಏನೋ, ಒಂದು ಗಂಟೆ ಇಪ್ಪತ್ತು ನಿಮಿಷ ಅವರು ಬಾಯಿ ತೆರೆಯಲಿಲ್ಲ. ಹಣೆಯ ಬೆವರು ಕುಂಕುಮಕ್ಕೆ ಇಳಿಯದಂತೆ ಸೆರಗಿನ ತುದಿಯಿಂದ ಕೂದಲಂಚನ್ನು ಮಾತ್ರ ಒತ್ತಿಕೊಳ್ಳುತ್ತಿದ್ದರು. ಓಂಕಾರಮ್ಮ ಸುಮ್ಮನಿದ್ದಾರೆಂಬ ಸುದ್ದಿ ಕೇಳಿ ಮೂರು ಮನೆಯವರು ಗಾಬರಿಯಿಂದ ಬಂದು ನೋಡಿಕೊಂಡು ಹೋದರು.

*

ಖಲಂದರ್ ಬಸ್‌ಸ್ಟ್ಯಾಂಡಿಗೆ ಹೋಗಿ ನೀಲಾಳನ್ನು ಕರೆತಂದ. ದಾರಿಯುದ್ದಕ್ಕೂ ಆಟೋ ಹಲೋ ಹೇಳುತ್ತಲೇ ಬಂತಂತೆ.

“ಏನು ಚಿಕ್ಕಮ್ಮ, ಎಲ್ಲಾ ಹೀಗೆ ನೋಡ್ತಿದ್ದೀರಿ?” ಎಂದು ನೀಲಾ ಬ್ಯಾಗು ಇಳಿಸಿದಳು.

“ಕೂತ್ಕೊ ಮಗಳೇ,” ಎಂದರು ಸರ್ವಮಂಗಳಮ್ಮ. “ನಿಮ್ಮಮ್ಮ ಹಾಡ್ತಾಳೆ, ಕೇಳು. ನಗಬೇಡ.”

ನೀಲಾ ನಗಲಿಲ್ಲ. ಮೊದಲ ಸಾಲಿಗೇ ನೆಲಕ್ಕೆ ಕೂತಳು. ಎರಡನೆಯ ಸಾಲಿನಲ್ಲಿ ತನ್ನ ಹೆಸರು ಬಂದಾಗ ಓಂಕಾರಮ್ಮನ ಮೊಣಕಾಲ ಮೇಲೆ ತಲೆಯಿಟ್ಟಳು. ಹಾಡು ಮುಗಿಯಿತು. ಓಂಕಾರಮ್ಮ ಮತ್ತೆ ಬಾಯಿ ತೆರೆದರು. ಮತ್ತೆ ಮೊದಲಿನಿಂದ. ಒಂಬತ್ತನೆಯ ಸಲಕ್ಕೆ ನೀಲಾ ಜೊತೆಗೆ ಗುನುಗತೊಡಗಿದಳು. ಹದಿನೇಳನೆಯ ಸಲಕ್ಕೆ ಎರಡು ದನಿಗಳಲ್ಲಿ ಯಾವುದು ಯಾರದೆಂದು ಸರ್ವಮಂಗಳಮ್ಮನವರಿಗೆ ತಿಳಿಯದಂತಾಯಿತು. ಖಲಂದರ್ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು ಕೇಳಿದ. ಹಾಲೇಶಪ್ಪ ಬೀರುವಿನ ಹಿಂದೆ ಹೋಗಿ ಯಾವುದೋ ಸ್ಕ್ರೂ ಹುಡುಕಿದರು, ಬಹಳ ಹೊತ್ತು ಹುಡುಕಿದರು.

ಮರುದಿನ ಬೆಳಿಗ್ಗೆ ಓಂಕಾರಮ್ಮನ ತಲೆಸ್ನಾನದ ಜೊತೆಗೆ ಹಾಡು ಹರಿದುಹೋಯಿತು. ಹೋಗುವುದಕ್ಕೆ ಅದಕ್ಕಿನ್ನು ಅಡ್ಡಿಯಿರಲಿಲ್ಲ, ನೀಲಾ ಅದನ್ನು ಕಲಿತಾಗಿತ್ತು. ಹಾಲೇಶಪ್ಪನವರು ತಮ್ಮ ಪ್ರಯೋಗದ ಪುಸ್ತಕದಲ್ಲಿ ಬರೆದುಕೊಂಡರು: ‘ಯಂತ್ರ ಯಶಸ್ವಿ. ಡ್ರೈವ್ ಮಾತ್ರ ನಾನು ಕೂರಿಸಿದ್ದಲ್ಲ.’

ನೀಲಾ ಆಟೋ ಹತ್ತಿದಳು. ಓಂಕಾರಮ್ಮನಿಗೆ ಮಾತು ವಾಪಸ್ ಬಂದಿತ್ತು, ಒಂದು ದಿನದ ಬಾಕಿಯೂ ಸೇರಿ ಬೇಕಾದಷ್ಟಿತ್ತು. ಆದರೂ ಅವರು ಏನನ್ನೂ ಹೇಳಲಿಲ್ಲ. ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಎರಡು ಹೋಳಿಗೆ, ಒಂದು ಪುಟ್ಟ ಡಬ್ಬಿಯಲ್ಲಿ ಮೊಸರು, ಇಷ್ಟನ್ನು ಆ ಹುಡುಗಿಯ ಮಡಿಲಿಗೆ ಇಟ್ಟು, ಚೆಲ್ಲದ ಹಾಗೆ ಡಬ್ಬಿಯನ್ನೊಮ್ಮೆ ನೆಟ್ಟಗೆ ಮಾಡಿ, ಕೈ ಹಿಂದಕ್ಕೆ ತೆಗೆದುಕೊಂಡರು.